ಹತ್ತೊಂಬತ್ತು ಬಾರಿ ಓದಿದ ಪಾಠ

ಮಾನ್ಯ ಡಿಜಿಟಲ್ ಕಲಿಕಾಧಿಕಾರಿಗಳೇ,

ಠಾಕುರ್ಲಿಯ ನಮ್ಮ ನೆರೆಯ ಹುಡುಗಿ ಭಾಗ್ಯಾ ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆ. ಸೋಮವಾರದಿಂದ ಅವಳನ್ನು ಒಂದನೆಯ ಇಯತ್ತೆಯಲ್ಲಿ ಕೂರಿಸಬೇಕೆಂದು ತಾವು ಆದೇಶಿಸಿದ್ದೀರಿ. ಇದು ಅನ್ಯಾಯ. ತಮಾಷೆ ಎಂದರೂ ತಪ್ಪಿಲ್ಲ.

ತಮ್ಮ ಓದಿನ ಆ್ಯಪ್ ಚಾಡಿ ಹೇಳಿದ್ದಿಷ್ಟು: ಜೂನ್‌ನಲ್ಲಿ ಮೂರೇ ನಿಮಿಷಕ್ಕೆ ಪಾಠ ಮುಗಿಸುತ್ತಿದ್ದವಳು ಈಗ ನಲವತ್ತು ನಿಮಿಷ ತೆಗೆದುಕೊಳ್ಳುತ್ತಾಳೆ, 'ನಮ್ಮ ಕೆರೆ' ಪಾಠವನ್ನು ಹತ್ತೊಂಬತ್ತು ಬಾರಿ ಓದಿದ್ದಾಳೆ, ಅದೂ ದಿನಾ ಮಧ್ಯಾಹ್ನ ಒಂದು ಗಂಟೆಗೆ. ಆ ಹೊತ್ತಿಗೆ ಅವಳು ತರಗತಿಯಲ್ಲಿದ್ದಳೆಂದು ತಮ್ಮದೇ ಹಾಜರಿ ಪುಸ್ತಕ ಸಾರುತ್ತಿದೆ! ಒಬ್ಬಳೇ ಹುಡುಗಿ ಏಕಕಾಲಕ್ಕೆ ಎರಡು ಕಡೆ ಇರುವ ಪವಾಡವನ್ನು ಕಂಡೂ ತಮ್ಮ ಆ್ಯಪಿಗೆ ಕಂಡದ್ದು ಅವಳ ದಡ್ಡತನ ಮಾತ್ರವೇ?

ನೋಟಿಸ್ ಹಿಡಿದು ಭಾಗ್ಯಾಳ ತಾಯಿ ಸಾಬವ್ವ ನಮ್ಮ ಮನೆಗೆ ಬಂದರು. ಕಲಬುರಗಿಯಿಂದ ಈ ಮರಾಠಿ ನೆಲಕ್ಕೆ ಬಂದವರು, ಕಟ್ಟಡದ ಕೆಲಸ. ಹತ್ತು ವರ್ಷಗಳಿಂದ ಅವರ ಕಾಗದಗಳನ್ನು ಓದಿ ಹೇಳುವ ಖಾತೆ ನನ್ನದು. ಕನ್ನಡಕ ಏರಿಸಿ ಕೈ ಚಾಚಿದೆ. ಅವರು ಕೊಡಲಿಲ್ಲ. ಬೆರಳಿಟ್ಟು ತಾವೇ ಓದಿದರು: "ಭಾ...ಗ್ಯಾ... ಹಿಂ...ದುಳಿದಿದ್ದಾಳೆ."

ನಾನು ಚಾಚಿದ ಕೈಯಿಂದಲೇ ಕನ್ನಡಕ ಇಳಿಸಿದೆ.

"ಹಿಂದ ಉಳದಾಕಿ ಆಕಿ ಅಲ್ರೀ ಸಾಹೇಬ್ರ, ನಾನು," ಎಂದರು. "ಮನ್ಯಾಗ ಇರೂದು ಒಂದs ಫೋನು. ಹಗಲ ನನ್ನ ಸಂಗಟ ಸೈಟಿಗೆ ಬರ್ತದ. ಡಬ್ಬಾ ಉಂಡು ಆಕಿ ಪಾಠಾನ ಒತ್ತಕೋಂತ ಕುಂದರ್ತೀನಿ."

ಭಾಗ್ಯಾ ಸೊಂಟಕ್ಕೆ ಕೈಯಿಟ್ಟಳು. "ಯವ್ವಾ, ತೂನೇ ಮುಝೇ ಫೇಲ್ ಕರಾಯಾ! ನೀನs ಫೇಲ್ ಮಾಡಿಸಿದಿ!"

"ಸುಮ್ಕಿರ! ಒಂದು 'ಕ್ಷ'ಕ್ಕ ನನಗ ಮೂರು ದಿನ ಹಿಡದದ."

ಮಾನ್ಯರೇ, ಆ್ಯಪಿಗೆ ಬೆರಳು ಗೊತ್ತು, ಬೆರಳಿನ ಒಡತಿ ಗೊತ್ತಿಲ್ಲ. ನಿನ್ನೆಯವರೆಗೆ ಹೆಬ್ಬೆಟ್ಟು ಒತ್ತುತ್ತಿದ್ದವರು ಅದೇ ಹೆಬ್ಬೆರಳಿನಿಂದ ಪರದೆ ಒತ್ತಿ ಅಕ್ಷರ ಕಲಿತರು. ಡಿಜಿಟಲ್ ಸಾಕ್ಷರತೆ ಎಂದು ತಾವು ಗೋಡೆಗೋಡೆಗೆ ಬರೆಸಿದ್ದು ಇದನ್ನೇ ಅಲ್ಲವೇ? ಬಯಸಿದ್ದು ಕೈಗೂಡಿದಾಗ ಮಗಳಿಗೆ ಶಿಕ್ಷೆ ಏಕೆ? ನಾಳೆ ಅಮ್ಮ ಹೆದರಿ ಫೋನ್ ಮುಚ್ಚಿಟ್ಟರೆ ಯಾರ ಅಂಕ ಹೆಚ್ಚಿತು?

ಆದೇಶವನ್ನು ಹರಿದುಹಾಕಿ ಎನ್ನುವುದಿಲ್ಲ. ಸರ್ಕಾರಿ ಕಾಗದಕ್ಕೂ ಮಾನವಿದೆ. ಸೋಮವಾರದೊಳಗೆ ಹೆಸರೊಂದನ್ನು ತಿದ್ದಿ. ಭಾಗ್ಯಾ ಮೂರನೆಯದರಲ್ಲೇ ಇರಲಿ. ಒಂದನೆಯ ಇಯತ್ತೆಗೆ ಸಾಬವ್ವನ ಹೆಸರಿನಲ್ಲಿ ಪ್ರತ್ಯೇಕ ಖಾತೆ ತೆರೆಯಿರಿ. ಉತ್ತರವನ್ನು ನನಗಲ್ಲ, ಅವರಿಗೇ ಬರೆಯಿರಿ. ಅಕ್ಷರ ದಪ್ಪಗಿರಲಿ, 'ಕ್ಷ' ಧಾರಾಳವಾಗಿರಲಿ, ಈಗ ಅವರಿಗೆ ಬರುತ್ತದೆ.

ಇಂತಿ,
ಹತ್ತು ವರ್ಷದ ಓದುಗನ ಕೆಲಸವನ್ನು ಸಂತೋಷದಿಂದ ಕಳೆದುಕೊಂಡ
ಹಯಗ್ರೀವ, ಠಾಕುರ್ಲಿ