ಕಿಟಕಿಯಲ್ಲಿ ಬಿಟ್ಟುಹೋಗುವ ಬಳ್ಳಿ

ವಡ್ಡು, ಸೋಮವಾರ

ಓಬಳಪ್ಪ ಮಾವನವರಿಗೆ ನಿಮ್ಮ ಬಾಡಿಗೆ ಮನೆಯ ಅಂಜಲಿಯ ನಮಸ್ಕಾರ.

ನೀವು ಹೇಳಿದಂತೆ ಭಾನುವಾರದೊಳಗೆ ಮನೆ ಖಾಲಿ ಮಾಡುತ್ತೇವೆ. ಆದರೆ ಇದಕ್ಕೆ ಕಾರಣವಾದ, ಅದಿರು ಲಾರಿಗಳ ಧೂಳಿನ ಬಗ್ಗೆ ನಾನು ಹಂಚಿದ ಕರಪತ್ರದ ಒಂದು ಸಾಲನ್ನೂ ಹಿಂತೆಗೆದುಕೊಳ್ಳುವುದಿಲ್ಲ. "ನೀ ಹೇಳೋದು ಖರೆ ಐತವ್ವ, ಆದ್ರ ನನ್ನ ಲಾರಿ ಓಡಬೇಕಲ್ಲ" ಎಂದಿರಿ.

ಕೇಳಬೇಕಾದದ್ದು ಬೇರೆ. ಕಿಟಕಿಯ ಸರಳುಗಳಿಗೆ ಸುತ್ತಿಕೊಂಡ, ಮೇಣ ಹಚ್ಚಿದಂಥ ದಪ್ಪ ಎಲೆಗಳ ಹೋಯಾ ಬಳ್ಳಿಯನ್ನು ನೋಡಿ "ಪ್ಲಾಸ್ಟಿಕ್ಕಿಂದೇನವ್ವ ಇದು?" ಎಂದು ನಗುತ್ತಿದ್ದಿರಲ್ಲ, ಅದೀಗ ಮೊಗ್ಗು ಕಟ್ಟಿದೆ. ಬಿಡಿಸಲು ಹೋದರೆ ಬಳ್ಳಿ ತುಂಡಾಗುತ್ತದೆ. ಜಾಗ ಬದಲಿಸಿದರೆ ಮೊಗ್ಗೆಲ್ಲ ಉದುರುತ್ತದೆ. ಅವ್ವ ಆರು ವರ್ಷ ದಿನವೂ ಎಲೆಗಳ ಮೇಲಿನ ಕೆಂಪು ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಅದನ್ನು ಬೆಳೆಸಿದ್ದಾಳೆ. "ಬಳ್ಳಿ ಇಲ್ಲೇ ಇರ್ಲಿ ಬಿಡು, ನಾವು ಹೋಗೋಣು" ಅಂದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ.

ಹಾಗಾಗಿ ಕುಂಡವನ್ನು ಅಲ್ಲೇ ಬಿಡುತ್ತಿದ್ದೇನೆ. ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿಸಿರಿ. ಹೂ ಅರಳಿದ ದಿನ ಅವ್ವನಿಗೆ ಒಂದು ಫೋನ್ ಮಾಡಿರಿ. ನಾವೀಗ ಹೋಗುತ್ತಿರುವ ಕಂಪ್ಲಿಯಿಂದ ಬಸ್ಸು ಹಿಡಿದು ಬಂದು ನೋಡಿಕೊಂಡು ಹೋಗುತ್ತಾಳೆ. ನನ್ನನ್ನು ಒಳಗೆ ಕರೆಯಬೇಕಾಗಿಲ್ಲ.

ಇನ್ನೊಂದು ಮಾತು. ಮೊದಲ ಸಲ ಅರಳಿದ ಗೊಂಚಲನ್ನು ಬುದ್ಧಪೂರ್ಣಿಮೆಗೆಂದು ನಾನೇ ಕಡ್ಡಿ ಸಮೇತ ಕೊಯ್ದುಬಿಟ್ಟಿದ್ದೆ. ಆಮೇಲೆ ಎರಡು ವರ್ಷ ಹೂವೇ ಇಲ್ಲ. ಹೂ ಉದುರಿ ಬೋಳಾದ ಕಡ್ಡಿಯಲ್ಲೇ ಮರುವರ್ಷವೂ ಮೊಗ್ಗು ಬರುತ್ತದೆಂದು ನಮಗೆ ಗೊತ್ತಿರಲಿಲ್ಲ. ಹೊಸದಾಗಿ ಬರುವ ಬಾಡಿಗೆಯವರಿಗೆ ಇದನ್ನು ಮರೆಯದೆ ಹೇಳಿರಿ.

ಇಂತಿ,
ಅಂಜಲಿ