ನಾಲ್ಕು ಗೋಡೆ, ಒಂದು ಚಿಲಕ

ಜೆ.ಪಿ. ನಗರ, ಬೆಂಗಳೂರು
ಭಾನುವಾರ, ೧೬ ಮಾರ್ಚ್ ೨೦೨೫

ನಲ್ಮೆಯ ಅನ್ನಪೂರ್ಣ,

ನಿನ್ನ ಮೊಮ್ಮಗಳ ತೊಟ್ಟಿಲ ಶಾಸ್ತ್ರದ ಫೋಟೊ ಬಂದು ತಿಂಗಳಾಯಿತು. ಚೆನ್ನಾಗಿದೆ ಎಂದು ಒಂದು ಸಾಲೂ ಬರೆಯಲಿಲ್ಲ, ಬೈದುಕೋ. ಮಗು ನಿನ್ನ ಹಣೆಯನ್ನೇ ಪಡೆದುಬಂದಿದೆ. ಫೋನ್ ಮಾಡಬಹುದಿತ್ತು. ಆದರೆ ಈ ವಾರ ನಡೆದದ್ದನ್ನು ಫೋನಿನಲ್ಲಿ ಹೇಳಹೊರಟರೆ ನಾನು ಕೂಗಾಡಿಬಿಡುತ್ತೇನೆ. ಹಾಸ್ಟೆಲಿನಲ್ಲಿ ನನ್ನ ಕೂಗಾಟ ಕೇಳಿ ಕೇಳಿ ನಿನ್ನ ಕಿವಿ ಪಳಗಿದೆ, ಇಲ್ಲಿ ಅಕ್ಕಪಕ್ಕದವರ ಕಿವಿ ಇನ್ನೂ ಪಳಗಿಲ್ಲ.

ನಮ್ಮ ವಾರ್ಡಿನಲ್ಲಿ ನನ್ನ ಕೆಲಸವೇನೆಂದು ನಿನಗೆ ಗೊತ್ತು. ಫುಟ್‌ಪಾತು, ಚರಂಡಿ, ಬೀದಿದೀಪ ಎಲ್ಲೆಲ್ಲಿ ಬೇಕೆಂದು ಜನರನ್ನು ಕೇಳಿ, ಯೋಜನೆ ಮಾಡಿ, ವಾರ್ಡ್ ಕಚೇರಿಯಿಂದ ಒಪ್ಪಿಗೆ ಪಡೆಯುವುದು; ನಕ್ಷೆಗೆ ನನ್ನ ಸಹಿಯೂ ಬೇಕು. ಸಾರಕ್ಕಿ ಕಡೆಗೆ ಹೋಗುವ ಒಂದು ಸಂತೆಬೀದಿ ನಮ್ಮ ಬಡಾವಣೆಗೆ ಅಂಟಿಕೊಂಡೇ ಇದೆ. ಸೊಪ್ಪು, ಹೂವು, ತರಕಾರಿ ಮಾರುವ ಹೆಂಗಸರು ಬೆಳಕು ಹರಿಯುವ ಮೊದಲೇ ಬಂದು ಕೂತರೆ ಏಳುವುದು ಕತ್ತಲಾದ ಮೇಲೆ. ಅವರಿಗೆ ಅಲ್ಲೆಲ್ಲೂ ಶೌಚಾಲಯವಿಲ್ಲ. ಬೀದಿಯ ಬಾಯಲ್ಲಿ, ನಮ್ಮ ಬಡಾವಣೆಯ ಗೇಟಿನೆದುರು, ಸರ್ಕಾರಿ ಜಾಗವೊಂದು ಖಾಲಿ ಬಿದ್ದಿದೆ. ಅಲ್ಲೊಂದು ಹೆಂಗಸರ ಶೌಚಾಲಯ ಎಂದು ನಕ್ಷೆ ಮಾಡಿಸಿದ್ದೆ. ನಾಲ್ಕು ಗೋಡೆ, ಒಂದು ಚಿಲಕ, ನಲ್ಲಿಯಲ್ಲಿ ನೀರು. ನಾನು ಕೇಳಿದ್ದು ಅಷ್ಟೇ ಕಣೆ, ವಿಮಾನ ನಿಲ್ದಾಣವನ್ನಲ್ಲ.

ಸೋಮವಾರ ವಾರ್ಡ್ ಎಂಜಿನಿಯರ್ ರವಿಕಿರಣ್ ನಕ್ಷೆ ನೋಡಿ, "ಸಖತ್ತಾಗಿದೆ ಮೇಡಂ, ಯಾರೂ ಅಬ್ಜೆಕ್ಷನ್ ಮಾಡ್ದಿದ್ರೆ ಯುಗಾದಿಗೆ ಮುಂಚೆನೇ ಪಾಯ ತೋಡ್ಸೋಣ" ಎಂದ. ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ನಮ್ಮ ಬಡಾವಣೆ ಸಂಘದ ಅಧ್ಯಕ್ಷ ನಂದಕುಮಾರ್ ಫೋನು. ಅಲ್ಲಿಂದ ಶುರುವಾದದ್ದು ಸಭೆಯ ಮೇಲೆ ಸಭೆ. ಸಂಘದ ಸಭೆ, ಸ್ಥಳದಲ್ಲಿ ಸಭೆ, ಆ ಸಭೆಯಲ್ಲಿ ಏನು ಮಾತಾಯಿತೆಂದು ಮಾತಾಡಲು ಇನ್ನೊಂದು ಸಭೆ! ಎಲ್ಲ ಕಡೆಯೂ ಬಿಸ್ಕತ್ತು, ಕಾಫಿ. ಒಬ್ಬರ ಬಾಯಲ್ಲೂ ಶೌಚಾಲಯ ಎಂಬ ಮಾತಿಲ್ಲ, "ಆ ಫೆಸಿಲಿಟಿ" ಅನ್ನುತ್ತಾರೆ. ಆ ಜಾಗದಲ್ಲಿ ಬಡಾವಣೆಯ ಹೆಸರಿನ ದೀಪದ ಬೋರ್ಡು ಹಾಕಿ ಸೆಲ್ಫಿ ತೆಗೆಯುವಂತೆ ಮಾಡೋಣವೆಂದು ಒಬ್ಬರು ಸಲಹೆ ಕೊಟ್ಟರು. ತಮಾಷೆಗಲ್ಲ, ನಿಜವಾಗಿ.

ಗುರುವಾರ ಸಂಜೆ ಎಲ್ಲರನ್ನೂ ಸೇರಿಸಿ ಸಮುದಾಯ ಭವನದಲ್ಲಿ ಕೊನೆಯ ಸಭೆ. ನಾನು ದುಂಡವ್ವನನ್ನು ಕರೆದುಕೊಂಡು ಹೋಗಿದ್ದೆ. ನಿಮ್ಮ ಕಡೆಯವಳೇ, ಬಾಗಲಕೋಟೆಯಿಂದ ಬಂದು ಬಿ.ಟಿ.ಎಂ.ನಲ್ಲಿ ಬಾಡಿಗೆಗಿದ್ದಾಳೆ, ಸೊಪ್ಪು ಮಾರುತ್ತಾಳೆ. ಎದ್ದು ಹೋಗಬೇಕಾಗುತ್ತದೆಂಬ ಹೆದರಿಕೆಗೆ ಹಗಲೆಲ್ಲ ನೀರೇ ಕುಡಿಯದೆ, ಹೋದ ತಿಂಗಳು ಚಳಿಜ್ವರ ಬಂದು ಆಸ್ಪತ್ರೆ ಸೇರಿದ್ದಳು. ಮೂತ್ರಕೋಶದ ಸೋಂಕು.

ನಂದಕುಮಾರ್ ನಗುನಗುತ್ತಲೇ ಶುರು ಮಾಡಿದರು. "ಮೇಡಂ, ನಾವೇನೂ ಬೇಡ ಅಂತಿಲ್ಲ. ಬೇಕೇ ಬೇಕು. ಆದ್ರೆ ನಮ್ಮ ಗೇಟ್ ಎದುರಿಗೇ ಯಾಕೆ?"

"ನಮ್ಮನೆ ದೇವರ ಕೋಣೆ ಕಿಟಕಿ ಆ ಕಡೆಗೇ ಇದೆ ರೀ," ಎಂದರು ಹೆಂಗಸೊಬ್ಬರು.

ದುಂಡವ್ವ ಎದ್ದು ನಿಂತು, ತನ್ನ ಜ್ವರದ ಸಂಗತಿಯನ್ನು ಅಷ್ಟು ಗಂಡಸರೆದುರು ನಾಚಿಕೆ ನುಂಗಿಕೊಂಡು ಹೇಳಿದಳು. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಅಧಿಕಾರಿಯೊಬ್ಬರು, "ಅಲ್ಲಮ್ಮಾ, ಇಷ್ಟು ವರ್ಷದಿಂದ ನಿಮಗೆಲ್ಲ ಅಭ್ಯಾಸ ಆಗಿರತ್ತಲ್ವಾ?" ಎಂದರು.

"ಯಾವುದರ ಅಭ್ಯಾಸರೀ ಯಪ್ಪಾ? ತಡಕೊಳ್ಳೋದರ ಅಭ್ಯಾಸ?" ಎಂದಳು ದುಂಡವ್ವ. "ಹಂಗಾರ ನಾಳಿ ಒಂದಿನ ನೀವೂ ನನ್ನ ಬಾಜೂಕ ಬಂದು ಕುಂದರ್ರಿ. ಎಷ್ಟ್ ಬೇಕಷ್ಟ್ ಚಾ ನಾನೇ ಕುಡಸ್ತೀನಿ."

ಜಾಗ ಬದಲಿಸಬೇಕು ಎನ್ನುವವರು ಕೈ ಎತ್ತಿ ಎಂದರು ನಂದಕುಮಾರ್. ಕೈಗಳೆದ್ದವು. ಕೆರೆ ಕಡೆಯ ರಸ್ತೆಯಲ್ಲಿ, ಟ್ರಾನ್ಸ್‌ಫಾರ್ಮರ್ ಹಿಂದೆ, ದೀಪವಿಲ್ಲದ, ಕುಡುಕರು ಕೂರುವ ಜಾಗಕ್ಕೆ ಅದನ್ನು ಸಾಗಹಾಕಿದರು. "ಅಲ್ಲಿಗೆ ನಿಮ್ಮ ಮನೆ ಹೆಣ್ಣುಮಕ್ಕಳನ್ನ ಹಗಲು ಹೊತ್ತಲ್ಲಾದ್ರೂ ಕಳಿಸ್ತೀರಾ?" ಎಂದು ಕಿರುಚಿದೆ. ಅಷ್ಟರಲ್ಲಿ ಕುರ್ಚಿ ಮಡಿಸುವ ಸದ್ದು ಎದ್ದಿತ್ತು.

ಶುಕ್ರವಾರ ರವಿಕಿರಣ್ ಹೊಸ ನಕ್ಷೆ ಹಿಡಿದು ಬಂದ. "ಒಂದೇ ಒಂದು ಸೈನ್ ಮೇಡಂ, ಎಲ್ರಿಗೂ ಸಮಾಧಾನ ಆಗತ್ತೆ."

"ಕಟ್ಟಿದೀವಿ ಅಂತ ತೋರ್ಸೋಕೆ ಕಟ್ಟೋ ಗೋಡೆಗೆ ನನ್ನ ಹೆಸರು ಬೇಡ," ಎಂದು ಅವನ ಕೈಯಿಂದ ಕಿತ್ತು ಹರಿದುಹಾಕಿದೆ. ಅಷ್ಟು ಸಿಟ್ಟು ನನ್ನೊಳಗಿತ್ತೆಂದು ನನಗೇ ಗೊತ್ತಿರಲಿಲ್ಲ.

ನಿನ್ನೆ ಬೆಳಿಗ್ಗೆ ಅವನದೇ ಫೋನು. "ಮೇಡಂ, ನೀವೇ ಕಳ್ಸಿದ್ದಾ ಇವ್ರನ್ನ?" ದುಂಡವ್ವ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ವಾರ್ಡ್ ಕಚೇರಿಗೆ ಹೋಗಿ, ಅಲ್ಲಿನ ಶೌಚಾಲಯದ ಮುಂದೆ ಸಾಲು ನಿಂತಿದ್ದಳು. ಸ್ಟಾಫಿಗೆ ಮಾತ್ರ ಎಂದ ವಾಚ್‌ಮನ್‌ಗೆ, "ನಾವೂ ಈ ವಾರ್ಡಿನಾಗೇ ದುಡಿಯಾಕತ್ತೀವಿ, ಸರೀರಿ ಅತ್ಲಾಗ" ಎಂದಳಂತೆ. ಒಳಗೆ ಹೋಗಿಬಂದವರು ಮತ್ತೆ ಸಾಲು ಸೇರಿದರು. ಕಚೇರಿಯ ಕೆಲಸವೇ ನಿಂತಿತು. ನಾನು ಕಳಿಸಿರಲಿಲ್ಲ, ನನಗೆ ಅಂಥ ಉಪಾಯ ಹೊಳೆದೇ ಇರಲಿಲ್ಲ. ಆದರೆ "ಹೌದು, ಸೋಮವಾರವೂ ಬರ್ತಾರೆ, ನಾನೂ ಜೊತೇಲಿ ಬರ್ತೀನಿ" ಎಂದೆ. ಸಂಜೆಯ ಹೊತ್ತಿಗೆ ವಾರ್ಡ್ ಕಚೇರಿಯವರು, ಹಳೆಯ ಜಾಗವನ್ನೇ ಮತ್ತೆ ಪರಿಶೀಲಿಸುತ್ತೇವೆ ಎಂದರು. ಗೆದ್ದೆವೆಂದು ಹೇಳಲಾರೆ. ಮಂಗಳವಾರ ಮತ್ತೊಂದು ಸಭೆ, ಮತ್ತೆ ಬಿಸ್ಕತ್ತು. ಈ ಸಲ ಹೆಂಗಸರೆಲ್ಲ ಬರುತ್ತಾರೆ.

ಮಗುವಿಗೆ ನನ್ನ ಮುತ್ತು. ನಿನ್ನ ಮೊಮ್ಮಗಳು ಬೆಳೆದು ಮನಸ್ಸು ಬಂದ ಊರನ್ನೆಲ್ಲ ತಿರುಗಲಿ, ಬಾಯಾರಿದಾಗ ಹೆದರದೆ ಹೊಟ್ಟೆ ತುಂಬ ನೀರು ಕುಡಿಯಲಿ. ನಿನ್ನ ಮಂಡಿನೋವನ್ನು ಅಲಕ್ಷ್ಯ ಮಾಡಬೇಡ.

ನಿನ್ನ
ಸೀತಾಲಕ್ಷ್ಮಿ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಬೇಕೆಂದಿದ್ದೆ, ಆಗಲಿಲ್ಲ. ಗುರುವಾರ ಎದ್ದ ಕೈಗಳಲ್ಲಿ ನನ್ನ ಗಂಡನದೂ ಒಂದು. ಮನೆಗೆ ಬಂದು ಕೇಳಿದ್ದಕ್ಕೆ, "ಇವರ ಮಧ್ಯೆ ಬಾಳ್ಬೇಕಲ್ಲ ಕಣೆ" ಎಂದರು ತಿರುಮಲೇಶ. ವಿಷ್ಣು ನನ್ನ ಹೊಟ್ಟೆಯಲ್ಲಿದ್ದಾಗ ಹಾಸನದ ದಾರಿಯಲ್ಲಿ ನನಗೆ ತಡೆಯಲಾಗದೆ ಹೋಯಿತು. ಇದೇ ಮನುಷ್ಯ ಬಸ್ಸು ನಿಲ್ಲಿಸಿ, ಗುರುತಿಲ್ಲದ ಮನೆಯ ಬಾಗಿಲು ಬಡಿದು, "ನನ್ನ ಹೆಂಡ್ತಿ ಒಂದ್ಸಲ ಒಳಗೆ ಹೋಗ್ಬಹುದಾ" ಎಂದು ಕೈಮುಗಿದಿದ್ದರು. ಅದನ್ನು ನೆನಪಿಸಿದೆ. "ಅದು ಬೇರೆ, ಅವತ್ತು ನಿನಗೋಸ್ಕರ ಕೇಳಿದ್ದು" ಎಂದರು. ಪ್ರೀತಿಯಿಂದಲೇ ಹೇಳಿದರು ಅನ್ನಪೂರ್ಣ. ಆ ಪ್ರೀತಿಯನ್ನು ಇನ್ನು ನಾನು ಏನು ಮಾಡಲಿ?