ಹದಿಮೂರನೆಯ ಕಂತಿನಲ್ಲಿ ಆ ಮಗು ಯಾರ ಕಡೆ ಹೋಯಿತು?

ಟೆಲಿವಿಷನ್ ಕೇಂದ್ರದ ಮಾನ್ಯ ಕಾರ್ಯಕ್ರಮಾಧಿಕಾರಿಗಳೇ,

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ತಾವು ತೋರಿಸುತ್ತಿದ್ದ ಅಂತರಿಕ್ಷದ ಧಾರಾವಾಹಿಯನ್ನು ಹನ್ನೆರಡನೆಯ ಕಂತಿಗೆ ನಿಲ್ಲಿಸಿದಿರಿ. ಹದಿಮೂರನೆಯ, ಅಂದರೆ ಕೊನೆಯ ಕಂತಿನ ಹೊತ್ತಿಗೆ 'ಯೂರಿಯಾ ಬಳಸುವ ವಿಧಾನ' ತೋರಿಸಿದಿರಿ. ಯಾಕೆಂದು ಕೇಳಿ ನಾನು ಬರೆದ ಕಾಗದಕ್ಕೆ ತಮ್ಮ ಕಚೇರಿಯಿಂದ ಸೈಕ್ಲೋಸ್ಟೈಲ್ ಮಾಡಿದ ಉತ್ತರ ಬಂದಿದೆ. 'ಗ್ರಾಮೀಣ ವೀಕ್ಷಕರಿಗೆ ವೈಜ್ಞಾನಿಕ ಕಥೆಗಳು ಅರ್ಥವಾಗುವುದಿಲ್ಲವೆಂದು ಸಮೀಕ್ಷೆಯಿಂದ ತಿಳಿದುಬಂದಿರುವುದರಿಂದ' ಎಂದು ಶುರುವಾಗುವ ಆ ಉತ್ತರದ ಕೊನೆಯಲ್ಲಿ ಸಹಿ ಕೂಡ ರಬ್ಬರ್ ಸ್ಟಾಂಪಿನದು. ನಾನು ಗ್ರಾಮೀಣ ವೀಕ್ಷಕ. ಆ ಉತ್ತರ ನನಗೆ ಚೆನ್ನಾಗಿಯೇ ಅರ್ಥವಾಯಿತು. ಆದ್ದರಿಂದ ಈ ಸಲ ಕಾಗದವನ್ನು ತಮಗೆ ಕಳಿಸದೆ ಪತ್ರಿಕೆಗೆ ಕಳಿಸಿದ್ದೇನೆ.

ತಮ್ಮ ಸಮೀಕ್ಷೆ ನಡೆದದ್ದು ಎಲ್ಲಿ, ಸ್ವಾಮಿ? ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯಲ್ಲಂತೂ ಅಲ್ಲ. ಇಲ್ಲಿ ಕುರಿ ಕಾಯುವವರ ಹಟ್ಟಿಯೊಂದಿದೆ. ಅದರ ಪಕ್ಕದ ಊರಿನಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದವನು ನಾನು. ಹಟ್ಟಿಗೆ ಬರುವ ಕಾಗದ ಪತ್ರಗಳನ್ನು ಓದಿ ಹೇಳುವುದು ಇಂದಿಗೂ ನನ್ನ ಕೆಲಸ. ಹಟ್ಟಿಗೆ ಸರ್ಕಾರ ಒಂದು ಕಪ್ಪು ಬಿಳುಪು ಟೀವಿ ಕೊಟ್ಟಿದೆ. ತಾವು ಬಹುಶಃ ಒಂದು ಪೆಟ್ಟಿಗೆಗೆ ಒಬ್ಬ ವೀಕ್ಷಕ ಎಂದು ಹಿಡಿದಿರಬೇಕು. ಆ ಒಬ್ಬ ವೀಕ್ಷಕನಿಗೆ ನೂರಾ ಹದಿನೇಳು ತಲೆ, ಕಂಕುಳಲ್ಲಿದ್ದ ಕೂಸುಗಳನ್ನು ಬಿಟ್ಟು. ಹೊತ್ತು ಮೂಡುವ ಮೊದಲೇ ಕುರಿ ಹೊಡೆಯುವ ಜನ ತಮ್ಮ ಧಾರಾವಾಹಿಗಾಗಿ ಭಾನುವಾರ ಹತ್ತು ಗಂಟೆಯವರೆಗೆ ಕುರಿ ಕೂಡಿದ ರೊಪ್ಪದ ಬಾಗಿಲು ತೆಗೆಯುತ್ತಿರಲಿಲ್ಲ. ಸ್ವಂತ ಮಕ್ಕಳ ಮದುವೆಗೂ ಅವರು ಕುರಿಗಳನ್ನು ಅಷ್ಟು ಹೊತ್ತು ಹಸಿವಿನಲ್ಲಿ ಇಟ್ಟವರಲ್ಲ. ರೊಪ್ಪದೊಳಗಿಂದ ಬರುತ್ತಿದ್ದ ಆ ಅರಚಾಟವನ್ನು ತಮ್ಮ ಸಮೀಕ್ಷೆಯವರು ಒಂದು ಸಲ ಕೇಳಿದ್ದರೆ ಸಾಕಿತ್ತು.

ಕಥೆ ಅರ್ಥವಾಗಲಿಲ್ಲ ಅಂದಿರಿ. ತಾವು ಮರೆತಿರಬಹುದು, ನೆನಪಿಸುತ್ತೇನೆ. ಯಾವುದೋ ನಕ್ಷತ್ರದಿಂದ ಒಂದು ಸಂಸಾರ ಬರಡು ಹೊಲದಲ್ಲಿ ಬಂದಿಳಿಯುತ್ತದೆ. ಇಳಿದ ವಾಹನ ಇಡ್ಲಿ ಪಾತ್ರೆಯ ಹಾಗಿತ್ತು. ಅದನ್ನು ನೋಡಿ ನಕ್ಕವನು ನಾನೊಬ್ಬನೇ, ನನ್ನನ್ನು ಗದರಿಸಿ ಸುಮ್ಮನಿರಿಸಿದರು. ಬಂದವರ ಮಗುವಿಗೆ ಕಾಯಿಲೆ. ಪಯಣ ತಡೆಯಲಾರದ ಆ ಮಗುವನ್ನು ಹೊಲದಂಚಿನ ಗುಡಿಸಲಿನ ಹೆಂಗಸಿನ ಹತ್ತಿರ ಬಿಟ್ಟು ಅವರು ಮೇಲೆ ಹೋಗುತ್ತಾರೆ. ಎಂಥ ಕಟುಕರು ಎಂದು ನಾನು ಅಂದುಕೊಂಡೆ. ಓದಿದವನಲ್ಲವೇ! ಹಟ್ಟಿಯವರಿಗೆ ಅದು ಕಟುಕತನವಾಗಿ ಕಾಣಲೇ ಇಲ್ಲ. ಅವರು ಪ್ರತಿ ವರ್ಷ ಸಂಕ್ರಾಂತಿಯ ಆಸುಪಾಸಿನಲ್ಲಿ ಮಂದೆ ಹೊಡೆದುಕೊಂಡು ಪಾವಗಡ ದಾಟಿ ಆಂಧ್ರದ ಕಡೆ ಹೋಗುತ್ತಾರೆ. ದಾರಿಯಲ್ಲಿ ಈದ ಕುರಿಯ ಮರಿ ನಡೆಯಲಾರದೆ ಹೋದರೆ ಆ ಹೊಲದವರ ಮನೆಯಲ್ಲಿ ಬಿಟ್ಟು ಮುಂದೆ ಹೋಗುತ್ತಾರೆ. ಹಿಂದಿರುಗುವಾಗ ಅದೇ ದಾರಿ, ಅದೇ ಮನೆ. ಕಾಗದವಿಲ್ಲ, ಸಾಕ್ಷಿಯಿಲ್ಲ. ಪಕ್ಕದಲ್ಲಿ ಕೂತಿದ್ದ ಈರಕ್ಕನಿಗೆ ನಾನು "ಪಾಪ, ಮಗು ಪರದೇಶಿ ಆಯ್ತು" ಅಂದಾಗ ಆಕೆ ಸಿಡುಕಿದಳು.

"ಪರದೇಶಿ ಯಾಕಾಯ್ತದೆ ಮೇಷ್ಟ್ರೇ? ನಂಬ್ಕೆ ಮ್ಯಾಲೆ ಬುಟ್ಟೋಗವ್ರೆ. ಇದೇ ದಾರೀಲಿ ಬತ್ತಾರೆ, ನೋಡ್ತಾ ಇರಿ."

ಐದನೆಯ ಕಂತಿನಲ್ಲಿ ತಮ್ಮ ಸಿಪಾಯಿಗಳು ಮಗುವನ್ನು ಹಿಡಿಯಲು ಬಂದೂಕು ತಂದರು. ಆಗ ಹಟ್ಟಿಯ ಹಿರಿಯ ಕಾಟಪ್ಪ ಪೆಟ್ಟಿಗೆಯ ಮುಂದೆ ಎದ್ದು ನಿಂತು, "ಎಲ್ಲಿಂದ ಬಂದ್ರಿ, ನೀರು ಬೇಕಾ ಅಂತ ಕೇಳಾದು ಬುಟ್ಟು ಬಂದೂಕ ಯಾಕ್ಲಾ ಎತ್ತೀರಿ?" ಎಂದು ಕೂಗಾಡಿದ. ತುಮಕೂರಿನ ಟಾಕೀಸಿನಲ್ಲಿ ನಾನು ಇಂಥ ಇಂಗ್ಲಿಷ್ ಸಿನಿಮಾಗಳನ್ನು ಮೂರೋ ನಾಲ್ಕೋ ನೋಡಿದ್ದೇನೆ. ಎಲ್ಲದರಲ್ಲೂ ಆಕಾಶದವರು ಕೋಟ್ಯಂತರ ಮೈಲಿ ದಾಟಿ ಬರುವುದು ನಮ್ಮ ಕಟ್ಟಡ ಒಡೆಯುವುದಕ್ಕೆ. ಅಷ್ಟು ದೂರ ನಡೆದವನಿಗೆ ಮೊದಲು ಬೇಕಾಗುವುದು ನೀರು, ಆಮೇಲೆ ಮಂದೆ ನಿಲ್ಲಿಸಲು ಜಾಗ ಎಂಬುದು ಆ ಸಿನಿಮಾ ತೆಗೆದವರಿಗೆ ಹೊಳೆದಿಲ್ಲ. ಕಾಟಪ್ಪನಿಗೆ ಹೊಳೆಯಿತು. ಅರ್ಥವಾಗದೆ ಇದ್ದದ್ದು ಯಾರಿಗೆ, ಸ್ವಾಮಿ?

ಹನ್ನೆರಡನೆಯ ಕಂತಿನ ಕೊನೆಯಲ್ಲಿ, ಈರಕ್ಕ ಹೇಳಿದ ಹಾಗೆಯೇ, ವಾಹನ ಅದೇ ಹೊಲಕ್ಕೆ ಮರಳಿ ಬಂತು. ತಾಯಿ ಕೆಳಗಿಳಿದಳು. ಮಗು ಸಾಕಿದವಳ ಸೆರಗಿನ ಹಿಂದೆ ನಿಂತು ನೋಡುತ್ತಿತ್ತು. 'ಮುಂದಿನ ವಾರ ಮುಕ್ತಾಯ' ಅಂದಿರಿ. ಮುಂದಿನ ವಾರ ಯೂರಿಯಾ ಬಂತು. ಹೊಲಗಳಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಕೊಟ್ಟು ಬದುಕುವ ಜನಕ್ಕೆ ಅರ್ಧ ಗಂಟೆ ಯೂರಿಯಾ ಚೀಲ ತೋರಿಸಿದ ತಮ್ಮ ಹಾಸ್ಯಪ್ರಜ್ಞೆಗೆ ಕೈಮುಗಿಯುತ್ತೇನೆ.

ಇನ್ನು ನನ್ನ ತಪ್ಪು. ತಮ್ಮ ಉತ್ತರ ಬಂದ ದಿನ ಅಂಚೆಯವನ ಹಿಂದೆಯೇ ಹಟ್ಟಿಗೆ ಹಟ್ಟಿಯೇ ಬಂದು ನನ್ನ ಜಗಲಿಯ ಮುಂದೆ ಕೂತಿತು. 'ಗ್ರಾಮೀಣ ವೀಕ್ಷಕರಿಗೆ' ಎಂಬ ಸಾಲು ಕಣ್ಣಿಗೆ ಬಿತ್ತು. ಅವರ ಮುಖ ನೋಡಿಕೊಂಡು ಅದನ್ನು ಓದುವುದು ನನ್ನಿಂದ ಆಗಲಿಲ್ಲ. ತಮ್ಮ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ನಾನೊಂದು ಕೊನೆಯ ಕಂತು ಓದಿದೆ: ತಾಯಿ ಕೈ ಚಾಚಿದಳು, ಮಗು ಓಡಿಬಂದು ತಬ್ಬಿಕೊಂಡಿತು, ಎಲ್ಲರೂ ಸುಖವಾಗಿದ್ದರು. ಮೂವತ್ತೆರಡು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡಿದವನು ನಾನು. ಎಲ್ಲರೂ ಸಂತೋಷಪಟ್ಟರು. ಈರಕ್ಕ ಮಾತ್ರ ಏಳಲಿಲ್ಲ.

"ಸುಳ್ಳು ಕಣಪ್ಪಾ ಮೇಷ್ಟ್ರೇ," ಅಂದಳು. "ಅಂಗೆಲ್ಲ ಓಡ್ಬರಾಕಿಲ್ಲ. ನನ್ ಓಬಯ್ಯ ಎಂಟು ದಿನ ನನ್ ಮಡ್ಲಿಗೆ ಬರ್ನಿಲ್ಲ."

ನಲವತ್ತು ವರ್ಷದ ಹಿಂದಿನ ಮಾತು. ಆಕೆಯ ಎರಡು ವರ್ಷದ ಮಗ ಓಬಯ್ಯನಿಗೆ ದಾರಿಯಲ್ಲಿ ಜ್ವರ ಬಂತು. ಮಂದೆ ನಿಲ್ಲುವಂತಿರಲಿಲ್ಲ. ಪಾವಗಡದಾಚೆಯ ವಳ್ಳೂರಿನಲ್ಲಿ ಪೆದ್ದಮ್ಮ ಎಂಬ ತೆಲುಗು ಮಾತಿನ ಹೆಂಗಸಿನ ಮನೆಯಲ್ಲಿ ಮಗುವನ್ನು ಬಿಟ್ಟು ಈರಕ್ಕ ಮುಂದೆ ಹೋದಳು. ನಾಲ್ಕು ತಿಂಗಳಾದ ಮೇಲೆ ಬಂದರೆ ಮಗು ದುಂಡಗಾಗಿತ್ತು, ಪೆದ್ದಮ್ಮನನ್ನು ಅಮ್ಮಾ ಅನ್ನುತ್ತಿತ್ತು, ಈರಕ್ಕನನ್ನು ಕಂಡು ಕಿರುಚಿತು. ಪೆದ್ದಮ್ಮ "ನೀ ಕೊಡುಕೇ ಕದಮ್ಮಾ, ತೀಸ್ಕೊನಿ ಪೋ" ಅಂದಳಂತೆ. ನಿನ್ನ ಮಗನೇ ತಾನೇ, ಕರೆದುಕೊಂಡು ಹೋಗು ಎಂದು. ಅಂದವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇಂದಿಗೂ ಮಂದೆ ವಳ್ಳೂರು ಮುಟ್ಟಿದರೆ ಓಬಯ್ಯ ಮೊದಲು ಊಟಕ್ಕೆ ಕೂರುವುದು ಆ ಮನೆಯಲ್ಲಿ. ಆದರೆ ಆ ಬಾಗಿಲ ಹಿಂದಿನ ವಿಚಾರವನ್ನು ಈ ಇಬ್ಬರು ಹೆಂಗಸರು ನಲವತ್ತು ವರ್ಷದಲ್ಲಿ ಒಂದು ಸಲವೂ ಆಡಿಲ್ಲ. ಕೇಳಲು ಈರಕ್ಕನಿಗೆ ಧೈರ್ಯವಿಲ್ಲ. ಈ ವರ್ಷ ಹೋದಾಗ ತಮ್ಮ ಧಾರಾವಾಹಿಯ ಕಥೆಯನ್ನು ಪೆದ್ದಮ್ಮನಿಗೆ ಹೇಳಬೇಕು, ಆ ನೆಪದಲ್ಲಾದರೂ ಮಾತು ಬರಲಿ ಎಂದು ಆಕೆ ಹನ್ನೆರಡು ಭಾನುವಾರ ಕಾದು ಕೂತಿದ್ದಳು.

ಇನ್ನು ಒಂಬತ್ತು ದಿನಕ್ಕೆ ಮಂದೆ ಹೊರಡುತ್ತದೆ. ಧಾರಾವಾಹಿಯನ್ನು ಮತ್ತೆ ತೋರಿಸಿ ಎಂದು ನಾನು ಕೇಳುತ್ತಿಲ್ಲ, ಯೂರಿಯಾಕ್ಕೆ ತೊಂದರೆಯಾದೀತು. ನನ್ನ ವಿಳಾಸ ಬರೆದ ಒಂದು ಕಾರ್ಡನ್ನು ಬೇರೆ ಅಂಚೆಯಲ್ಲಿ ಕಳಿಸಿದ್ದೇನೆ. ಕಥೆ ಬರೆದವರನ್ನು ಕೇಳಿ, ಎರಡೇ ಎರಡು ವಿಷಯ ಅದರಲ್ಲಿ ಬರೆದು ಕಳಿಸಿ. ಮಗು ತಾಯಿಯ ಹತ್ತಿರ ಹೋಗಲು ಎಷ್ಟು ದಿನ ಹಿಡಿಯಿತು ಎಂಬುದು ಮೊದಲನೆಯದು. ಎರಡನೆಯದನ್ನು ಈರಕ್ಕನ ಮಾತಿನಲ್ಲೇ ಕೊಡುತ್ತೇನೆ, ನನ್ನ ಸುಳ್ಳು ಅದಕ್ಕೆ ಸೋಕದಿರಲಿ:

"ಅವ್ರು ಮಗೀನ ಎತ್ಕೊಂಡ್ ಹೋದ್ಮ್ಯಾಲೆ ಸಾಕಿದೋಳು ಒಳಗೆ ಹೋಗಿ ಅತ್ತ್ಲಾ ಅಂತ ಕೇಳಿ ಮೇಷ್ಟ್ರೇ. ನಾನು ದಾರೀಲಿದ್ದೆ, ನಂಗೆ ಕಾಣ್ನಿಲ್ಲ. ಅವ್ರತ್ರ ಕ್ಯಾಮೆರ ಇತ್ತಲ್ಲ, ನೋಡಿರ್ತಾರೆ."

ಇಂತಿ,
ತಮ್ಮ ಸಮೀಕ್ಷೆಗೆ ಸಿಕ್ಕದ ನೂರಾ ಹದಿನೇಳು ಮಂದಿಗೆ ಕಾಗದ ಓದುವವನು, ಒಂದು ಸಲ ತಪ್ಪು ಓದಿದವನು,
ರುದ್ರಯ್ಯ, ನಿವೃತ್ತ ಉಪಾಧ್ಯಾಯ
ಹುಲಿಕುಂಟೆ ಹೋಬಳಿ, ಶಿರಾ ತಾಲ್ಲೂಕು
ಜನವರಿ ೧೯೮೭